ತುಟಿ ಗುಳ್ಳೆಗೆ ಹಚ್ಚಿದ ಕ್ರೀಮು ಒಳಗೆ ಇಳಿಯಬೇಕಲ್ಲ!



ಜ್ವರ ಬಂದು ಹೋದ ಮೇಲೆ, ಬಿಸಿಲಲ್ಲಿ ದುಡಿದು ಬಂದ ಮೇಲೆ, ಕೆಲವರಿಗೆ ಮುಟ್ಟಿನ ಹೊತ್ತಿಗೆ ತುಟಿಯ ಅಂಚಿನಲ್ಲಿ ನೀರುಗುಳ್ಳೆಗಳ ಗೊಂಚಲು ಏಳುತ್ತದೆ. ‘ಉಷ್ಣ ಆಯ್ತು’ ಅಂತೀವಿ. ನಿಜವಾಗಿ ಇದು ಹರ್ಪಿಸ್ ಸಿಂಪ್ಲೆಕ್ಸ್ ಎಂಬ ವೈರಾಣುವಿನ ಕೆಲಸ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಪ್ರಪಂಚದಲ್ಲಿ 50 ವರ್ಷದೊಳಗಿನ ನೂರು ಜನರಲ್ಲಿ 64 ಮಂದಿಯ ಮೈಯಲ್ಲಿ ಇದು ಇದೆ. ಬಹಳ ಜನಕ್ಕೆ ಚಿಕ್ಕಂದಿನಲ್ಲೇ ಮುತ್ತಿನಿಂದ, ಎಂಜಲಿನಿಂದ ಬಂದಿರುತ್ತದೆ. ಹಾಗಾಗಿ ನಾಚಿಕೆ ಪಡುವಂಥದ್ದೇನೂ ಇಲ್ಲ. ಒಮ್ಮೆ ಬಂದದ್ದು ಮುಖದ ನರದ ಬುಡದಲ್ಲಿ ಮಲಗಿರುತ್ತದೆ; ಮೈ ಸೋತಾಗ ಅದೇ ನರದ ಹಾದಿ ಹಿಡಿದು ತುಟಿಗೆ ಬರುತ್ತದೆ.

ಇದಕ್ಕೆ ಅಸೈಕ್ಲೊವಿರ್ ಎಂಬ ಔಷಧ ಇದೆ. ಅದು ಹುಟ್ಟಿದ ಸಂಶೋಧನೆಗೆ ದಾರಿ ಹಾಕಿದವರಲ್ಲಿ ಅಮೆರಿಕದ ಗರ್ಟ್ರೂಡ್ ಎಲಿಯನ್ ಮುಖ್ಯರು. 1988ರಲ್ಲಿ ನೊಬೆಲ್ ಬಹುಮಾನ ಹಂಚಿಕೊಂಡ ಹೆಣ್ಣುಮಗಳು, ನೆನಪಿರಲಿ! ಆದರೂ ‘ಸಿಸ್ಟರ್, ಟ್ಯೂಬೇ ಖಾಲಿ ಆಯ್ತು, ಗುಳ್ಳೆ ಹೋಗ್ಲಿಲ್ಲ’ ಎಂಬ ಮಾತು ಸಭೆಗಳಲ್ಲಿ ನಮ್ಮ ಕಿವಿಗೆ ಬೀಳುತ್ತಲೇ ಇರುತ್ತದೆ. ಯಾಕೆ ಹೀಗೆ?

ನಮ್ಮ ಚರ್ಮದ ಮೇಲ್ಪದರ ಒಂದು ಗೋಡೆ. ಸತ್ತ ಜೀವಕೋಶಗಳೇ ಇಟ್ಟಿಗೆ, ನಡುವೆ ಕೊಬ್ಬಿನ ಗಾರೆ. ಮಳೆಯಲ್ಲಿ ನೆಂದರೂ ನೀರು ಮೈಯೊಳಗೆ ಇಳಿಯದಿರುವುದು ಅದರಿಂದಲೇ. ಹೊರಗಿನದನ್ನು ತಡೆಯುವುದೇ ಅದರ ಕೆಲಸ; ಬಂದದ್ದು ಔಷಧ ಅಂತ ಅದಕ್ಕೇನು ಗೊತ್ತು? ವೈರಾಣು ಬೆಳೆಯುವುದು ಗೋಡೆಯ ಆಚೆ, ಚರ್ಮದ ತಳಭಾಗದಲ್ಲಿ. ಅಸೈಕ್ಲೊವಿರ್ ಕೊಬ್ಬಿನಲ್ಲಿ ಸರಿಯಾಗಿ ಕರಗದು, ನೀರಲ್ಲೂ ಅಷ್ಟಕ್ಕಷ್ಟೇ. ಹಚ್ಚಿದ್ದರಲ್ಲಿ ಬಹುಪಾಲು ಮೇಲೆಯೇ ಉಳಿದು ಸೆರಗಿಗೆ ಒರೆಸಿ ಹೋಗುತ್ತದೆ.

ಹಾಗಾಗಿ ಔಷಧವನ್ನು ಯಾವುದರಲ್ಲಿ ಕಲಸಿದ್ದಾರೆ ಎಂಬುದು ಬಹಳ ಮುಖ್ಯ. ಪಾಲಿಇಥಿಲೀನ್ ಗ್ಲೈಕಾಲ್‌ನಲ್ಲಿ ಕಲಸಿದ ಮುಲಾಮು ಔಷಧವನ್ನು ತನ್ನಲ್ಲೇ ಹಿಡಿದಿಟ್ಟುಕೊಳ್ಳುತ್ತದೆ. ಪ್ರೊಪಿಲೀನ್ ಗ್ಲೈಕಾಲ್ ಸೇರಿದ ಕ್ರೀಮು ಗಾರೆಯನ್ನು ತುಸು ಸಡಿಲಿಸಿ ಔಷಧವನ್ನು ಒಳಗೆ ದಾಟಿಸುತ್ತದೆ. ಎರಡರಲ್ಲೂ ಔಷಧ 5 ಶೇಕಡಾ, ಕೆಲಸ ಮಾತ್ರ ಬೇರೆ. ಟ್ಯೂಬಿನ ಮೇಲೆ ‘ಕ್ರೀಮ್’ ಅಂತಿದೆಯೋ ‘ಆಯಿಂಟ್‌ಮೆಂಟ್’ ಅಂತಿದೆಯೋ ಮಕ್ಕಳಿಂದಾದರೂ ಓದಿಸಿ ನೋಡಿ. ಕೂದಲಿಗಿಂತ ಸಣ್ಣ ಸೂಜಿಗಳು, ಕೊಬ್ಬಿನ ಅತಿ ಸೂಕ್ಷ್ಮ ಗುಳಿಗೆಗಳು, ಸಣ್ಣ ವಿದ್ಯುತ್ ಹರಿಸಿ ಔಷಧ ತಳ್ಳುವುದು ಇವೆಲ್ಲವನ್ನೂ ವಿಜ್ಞಾನಿಗಳು ಪರೀಕ್ಷಿಸಿದ್ದಾರೆ.

ನಮ್ಮ ಕೈಲಿರುವುದು ಹೊತ್ತು. ಗುಳ್ಳೆ ಏಳುವ ಮೊದಲು ತುಟಿ ಚುರುಚುರು ಅನ್ನುತ್ತದಲ್ಲ, ಆಗಲೇ ಶುರು ಮಾಡಬೇಕು. ನಾಲ್ಕು ತಾಸಿಗೊಮ್ಮೆ, ಎದ್ದಿರುವಾಗ ದಿನಕ್ಕೆ ಐದು ಸಲ, ಐದು ದಿನ. ಹಚ್ಚುವ ಮೊದಲೂ ಆಮೇಲೂ ಕೈ ತೊಳೀರಿ. ಇಷ್ಟು ಮಾಡಿದರೂ ಉಳಿಯುವುದು ಸುಮಾರು ಅರ್ಧ ದಿನ, ಹೆಚ್ಚೆಂದರೆ ಒಂದು ದಿನ. ಗುಳ್ಳೆ ಏಳರಿಂದ ಹತ್ತು ದಿನಕ್ಕೆ ತಾನಾಗಿಯೇ ಒಣಗುತ್ತದೆ. ಹಕ್ಕಳೆ ಕಟ್ಟಿದ ಮೇಲೆ ಎರಡನೇ ಟ್ಯೂಬಿಗೆ ದುಡ್ಡು ಹಾಕಬೇಡಿ.

ಗೋಡೆ ಒಡೆದರಾಯ್ತು ಅಂತ ಸೂಜಿಯಲ್ಲಿ ಚುಚ್ಚುವುದು, ಸುಣ್ಣ ಹಚ್ಚುವುದು ಬೇಡ. ತುರಿಕೆಗೆಂದು ತಂದಿಟ್ಟ ಸ್ಟಿರಾಯ್ಡ್ ಟ್ಯೂಬಂತೂ ಬೇಡವೇ ಬೇಡ; ಬರೀ ಸ್ಟಿರಾಯ್ಡ್ ಹಚ್ಚಿದರೆ ವೈರಾಣುವಿಗೆ ಅನುಕೂಲ. ಅಮೆರಿಕದಲ್ಲಿ 2009ರಲ್ಲಿ ಅಸೈಕ್ಲೊವಿರ್ ಜೊತೆ ಹೈಡ್ರೊಕಾರ್ಟಿಸೋನ್ ಸೇರಿಸಿದ ಕ್ರೀಮಿಗೆ ಅನುಮತಿ ಸಿಕ್ಕಿತು. ಅಲ್ಲಿ ವೈರಾಣುವಿನ ಔಷಧ ಜೊತೆಗಿದೆ, ನಿಮ್ಮ ಮನೆಯ ಟ್ಯೂಬಿನಲ್ಲಿ ಇಲ್ಲ.

ನಮಗೆ ಹೆಚ್ಚು ಚಿಂತೆ ಎಳೆ ಕೂಸುಗಳದ್ದು. ದೊಡ್ಡವರಿಗೆ ತುಟಿಯ ಗುಳ್ಳೆ. ಹುಟ್ಟಿ ಕೆಲವೇ ವಾರವಾದ ಮಗುವಿಗೆ ಅದೇ ವೈರಾಣು ಮಿದುಳಿಗೆ ಏರಿ ಪ್ರಾಣ ತೆಗೆಯಬಹುದು. ತುಟಿಯಲ್ಲಿ ಗುಳ್ಳೆ ಇದ್ದರೆ ಬಾಣಂತಿ ನೋಡಲು ಹೋಗುವುದನ್ನು ಮುಂದಕ್ಕೆ ಹಾಕಿ. ಅಜ್ಜಿಯೇ ಆಗಲಿ, ಅತ್ತೆಯೇ ಆಗಲಿ, ಮುತ್ತು ಕೊಡಬಾರದು. ತಾಯಿಗೇ ಗುಳ್ಳೆ ಇದ್ದರೆ ಕೈ ತೊಳೆದು, ಬಾಯಿಗೆ ಬಟ್ಟೆ ಕಟ್ಟಿ ಹಾಲೂಡಿಸಬಹುದು. ಮೊಲೆಯ ಮೇಲೆ ಗುಳ್ಳೆ ಇದ್ದರೆ ಮಾತ್ರ ಆ ಕಡೆ ಕೂಡದು.

ಕಣ್ಣು ಕೆಂಪಾಗಿ ನೋವು ಬಂದರೆ ಅದೇ ದಿನ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಕಣ್ಣಿನ ಮುಲಾಮು 3 ಶೇಕಡಾದ್ದು, ಅದು ಬೇರೆಯೇ. ತುಟಿಯ ಕ್ರೀಮನ್ನು ಕಣ್ಣಿಗೆ ಹಾಕಬೇಡಿ. ವರ್ಷದಲ್ಲಿ ಆರೇಳು ಸಲ ಗುಳ್ಳೆ ಏಳುವವರು ಡಾಕ್ಟರನ್ನು ಮಾತ್ರೆಯ ಬಗ್ಗೆ ಕೇಳಿ. ಮಾತ್ರೆ ರಕ್ತದ ದಾರಿಯಲ್ಲಿ ಒಳಗಿನಿಂದಲೇ ಬರುತ್ತದೆ, ಗೋಡೆ ದಾಟುವ ಕಷ್ಟ ಅದಕ್ಕಿಲ್ಲ.