ಲೆಕ್ಕ ಕೇಳುವ ಹಕ್ಕು



1994ರಲ್ಲಿ ತಾವು ಕರ್ನಾಟಕದ ಹಣಕಾಸು ಸಚಿವರಾದಾಗ, ನೂರು ಕುರಿ ಎಣಿಸಲು ಬಾರದವರು ಬಜೆಟ್ ಮಂಡಿಸುವುದುಂಟೇ ಎಂದು ಪತ್ರಿಕೆಯೊಂದು ಕುಹಕವಾಡಿತ್ತೆಂದು ಸಿದ್ದರಾಮಯ್ಯನವರು ಹಲವು ಸಲ ಹೇಳಿದ್ದಾರೆ. ಅವರು ಓದಿದ್ದು ಅರ್ಥಶಾಸ್ತ್ರವಲ್ಲ, ವಿಜ್ಞಾನ ಮತ್ತು ಕಾನೂನು. 2025ರ ಮಾರ್ಚ್‌ನಲ್ಲಿ ಅವರು ಮಂಡಿಸಿದ್ದು 16ನೆಯ ಬಜೆಟ್. ಅದನ್ನು ಒಪ್ಪುವುದು ಬಿಡುವುದು ಬೇರೆ ಮಾತು. ತೂಗಬೇಕಾದ್ದು ಬಜೆಟ್ಟನ್ನು, ಮಂಡಿಸಿದವರ ಪದವಿಯನ್ನಲ್ಲ, ಹುಟ್ಟನ್ನಂತೂ ಅಲ್ಲವೇ ಅಲ್ಲ.

ಹಾಗೆಂದು ಓದು ಬೇಡವೆಂದಲ್ಲ. 1991ರ ವಿದೇಶಿ ವಿನಿಮಯದ ಸಂಕಟದಲ್ಲಿ ಅರ್ಥಶಾಸ್ತ್ರಜ್ಞ ಮನಮೋಹನ ಸಿಂಗ್ ಅವರ ವಿದ್ವತ್ತು ದೇಶಕ್ಕೆ ಒದಗಿತು. ಆ ವಿದ್ವತ್ತನ್ನು ಗುರುತಿಸಿ ಹಣಕಾಸು ಖಾತೆ ಕೊಟ್ಟ ಪ್ರಧಾನಿ ಪಿ.ವಿ. ನರಸಿಂಹರಾವ್ ಅವರು ಅರ್ಥಶಾಸ್ತ್ರಜ್ಞರಾಗಿರಲಿಲ್ಲ. ಬಲ್ಲವರನ್ನು ಕರೆದು ಕೇಳುವುದೂ ನಾಯಕನ ಯೋಗ್ಯತೆಯೇ.

2015ರಲ್ಲಿ ಹರಿಯಾಣ ಸರ್ಕಾರ ಪಂಚಾಯಿತಿ ಚುನಾವಣೆಗೆ ನಿಲ್ಲುವವರಿಗೆ ವಿದ್ಯಾರ್ಹತೆ ಕಡ್ಡಾಯ ಮಾಡಿತು. ನಮ್ಮ ಕರ್ನಾಟಕದಲ್ಲಿ ಅಂಥ ನಿಯಮವಿಲ್ಲ, ಇರಬಾರದು ಕೂಡ. ತುಮಕೂರು ತಾಲ್ಲೂಕಿನ ಕೋರದಂಥ ಊರಿನಲ್ಲಿ ಗೊಬ್ಬರದ ದರ, ಬೆಳೆ ಸಾಲದ ಬಡ್ಡಿ, ಕೊಳವೆಬಾವಿಯ ಖರ್ಚು ಬಲ್ಲ ರೈತನೂ, ಸ್ವಸಹಾಯ ಸಂಘದ ಹಣ ಕಾಯುವ ತಾಯಿಯೂ ಅರ್ಥವ್ಯವಸ್ಥೆಯನ್ನು ಬದುಕಿ ಕಲಿತವರು. ಗ್ರಾಮಸಭೆಯಲ್ಲಿ ಅವರ ಮಾತಿಗೆ ತೂಕವಿರಬೇಕು.

ಆದರೆ ಭರವಸೆ ಕೊಡುವವರು ಯಾರೇ ಇರಲಿ, ಮೂರು ಪ್ರಶ್ನೆ ಕೇಳೋಣ: ಹಣ ಎಲ್ಲಿಂದ ಬರುತ್ತದೆ? ಯಾರಿಗೆ ತಲುಪುತ್ತದೆ? ಸಾಲವಾದರೆ ತೀರಿಸುವವರು ಯಾರು? ಡಾಕ್ಟರೇಟ್ ಇದ್ದವರೂ ಶಾಲೆಯ ಮೆಟ್ಟಿಲು ಹತ್ತದವರೂ ಇವಕ್ಕೆ ನೇರವಾಗಿ ಉತ್ತರಿಸಲೇಬೇಕು. ಆ ಉತ್ತರ ನೋಡಿಯೇ ನಾವು ಮತ ಹಾಕಬೇಕು.