ತೀರಿಸಲಾಗದ ಸಾಲ: ಮುಚ್ಚಿಡಬೇಡಿ, ದಾರಿ ಇದೆ

(ಕುರ್ತಕೋಟಿಯಲ್ಲಿ ನೀಡಿದ ಜುಮಾ ಪ್ರವಚನದ ಸಾರಾಂಶ)



ಸರ್ವಸ್ತುತಿ ಅಲ್ಲಾಹನಿಗೆ. ಅವನ ಅಂತಿಮ ಪ್ರವಾದಿ ಮುಹಮ್ಮದರ (ಸ) ಮೇಲೆ ಶಾಂತಿಯಿರಲಿ.

ನಮ್ಮದು ಮಳೆಯನ್ನು ನಂಬಿದ ಸೀಮೆ. ಹೆಸರು, ಶೇಂಗಾ, ಮೆಣಸಿನಕಾಯಿ, ಉಳ್ಳಾಗಡ್ಡಿ ಕೈ ಹಿಡಿದರೆ ಮನೆ ನಡೆಯುತ್ತದೆ. ಮಳೆ ತಪ್ಪಿದರೆ, ಗದಗ ಮಾರುಕಟ್ಟೆಯಲ್ಲಿ ದರ ಬಿದ್ದರೆ ಬೀಜ-ಗೊಬ್ಬರದ ಸಾಲ ಮಾತ್ರ ಉಳಿಯುತ್ತದೆ. ಅದರ ಮೇಲೆ ಆಸ್ಪತ್ರೆ ಖರ್ಚು, ಮಗಳ ಮದುವೆ. ಒಂದು ಸಂಘದ ಕಂತು ಕಟ್ಟಲು ಇನ್ನೊಂದು ಸಂಘದ ಸಾಲ, ಅದಕ್ಕೂ ಸಾಲದಿದ್ದರೆ ಮೀಟರ್ ಬಡ್ಡಿ. ಬಹಳ ಕಡೆ ಸಹಿ ನಮ್ಮ ಹೆಣ್ಣುಮಕ್ಕಳದ್ದು. 2025ರ ಆರಂಭದಲ್ಲಿ ವಸೂಲಿಯ ಕಿರುಕುಳ ತಾಳದೆ ಊರು ಬಿಟ್ಟವರ, ಜೀವ ಕಳೆದುಕೊಂಡವರ ಸುದ್ದಿಗಳನ್ನು ರಾಜ್ಯದ ಹಲವು ಜಿಲ್ಲೆಗಳಿಂದ ನಾವು ಕೇಳಿದೆವು. ಆದ್ದರಿಂದ ಇಂದಿನ ಮಾತು ಇಷ್ಟೇ: ಸಾಲದಲ್ಲಿ ಮುಳುಗಿದವನು ಅವಿತುಕೊಳ್ಳಬೇಕಿಲ್ಲ, ನಾವು ಅವನನ್ನು ಒಂಟಿಯಾಗಿ ಬಿಡಬಾರದು.

ಸಾಲ ತೀರಿಸುವುದು ಅಮಾನತ್. ಶಕ್ತಿಯಿದ್ದೂ ಮುಂದೂಡುವುದನ್ನು ಪ್ರವಾದಿಯವರು (ಸ) ಅನ್ಯಾಯವೆಂದು ಕರೆದಿದ್ದಾರೆ. ಆದರೆ ನಿಜಕ್ಕೂ ಕೈ ಬರಿದಾದವನ ವಿಷಯ ಬೇರೆ. ಅವನಿಗೆ ಅನುಕೂಲವಾಗುವ ತನಕ ಸಮಯ ಕೊಡಬೇಕು, ಮನ್ನಾ ಮಾಡಿದರೆ ಇನ್ನೂ ಒಳ್ಳೆಯದು ಎಂಬುದು ಅಲ್-ಬಕರ ಅಧ್ಯಾಯದ 280ನೇ ವಚನದ ಸಾರ. ಪ್ರವಾದಿಯವರ (ಸ) ಕಾಲದಲ್ಲಿ ಒಬ್ಬರು ಹಣ್ಣಿನ ವ್ಯಾಪಾರದಲ್ಲಿ ನಷ್ಟ ಹೊಂದಿ ಸಾಲದಲ್ಲಿ ಮುಳುಗಿದರು. ಪ್ರವಾದಿಯವರು (ಸ) ಜನರಿಂದ ಸದಕಾ ಕೊಡಿಸಿದರು. ಅದೂ ಸಾಲದಾಯಿತು. ಆಗ ಸಾಲ ಕೊಟ್ಟವರನ್ನು ಕರೆದು, ಇರುವುದನ್ನು ತೆಗೆದುಕೊಳ್ಳಿ, ಅದಕ್ಕಿಂತ ಹೆಚ್ಚು ನಿಮಗಿಲ್ಲ ಎಂದು ತೀರ್ಮಾನಿಸಿದರು. ಸಹೀಹ್ ಮುಸ್ಲಿಮ್‌ನಲ್ಲಿರುವ ಈ ಘಟನೆಯಲ್ಲಿ ಮೂರು ಪಾಠಗಳಿವೆ: ಆತ ಅಡಗಲಿಲ್ಲ, ಸಮುದಾಯ ಕೈಜೋಡಿಸಿತು, ಕೊಟ್ಟವರು ಒಂದು ಮಿತಿಗೆ ನಿಂತರು.

ಈಗ ನಮ್ಮ ಮನೆಗಳ ಮಾತಿಗೆ ಬರೋಣ.

ಮೊದಲು ಲೆಕ್ಕ. ಸಾಲವನ್ನು ಬರೆದಿಡಬೇಕೆಂದು ಅದೇ ಅಧ್ಯಾಯದ 282ನೇ ವಚನ ಆಜ್ಞಾಪಿಸುತ್ತದೆ. ಗಂಡ, ಹೆಂಡತಿ, ದೊಡ್ಡ ಮಕ್ಕಳು ಒಟ್ಟಿಗೆ ಕುಳಿತು ಯಾರಿಂದ ಎಷ್ಟು ತಂದೆವು, ಎಷ್ಟು ಕಟ್ಟಿದೆವು, ಎಷ್ಟು ಉಳಿದಿದೆ ಎಂದು ಒಂದು ಹಾಳೆಯಲ್ಲಿ ಬರೆಯಲಿ. ಅಂದಿನಿಂದ, ಸಾಲ ತೀರಿಸಲು ಹೊಸ ಸಾಲ ಬೇಡ. ಬಡ್ಡಿ ನಿಷಿದ್ಧ ಎಂಬುದು ಎಲ್ಲರಿಗೂ ಗೊತ್ತು. ಆದರೆ ಅದರಲ್ಲಿ ಸಿಕ್ಕಿಬಿದ್ದವನನ್ನು ಬೈದರೆ ಆತ ಹೊರಬರುವುದಿಲ್ಲ, ಹೊರಬರುವ ದಾರಿ ತೋರಿಸಬೇಕು.

ಬ್ಯಾಂಕ್ ಅಥವಾ ಫೈನಾನ್ಸ್ ಕಂಪನಿಯ ಸಾಲವಾದರೆ, ಅವರು ಬರುವ ಮೊದಲೇ ನೀವು ಹೋಗಿ. ಅವಧಿ ಹೆಚ್ಚಿಸಿ ಕಂತು ಇಳಿಸಬೇಕೆಂದು ಅಥವಾ ಒಂದೇ ಬಾರಿಗೆ ಇತ್ಯರ್ಥ ಮಾಡಬೇಕೆಂದು ಲಿಖಿತವಾಗಿ ಕೇಳಿ. ತೀರಿದ ಮೇಲೆ ಬಾಕಿ ಇಲ್ಲವೆಂಬ ಪತ್ರ ಪಡೆಯಿರಿ. ರಿಸರ್ವ್ ಬ್ಯಾಂಕಿನ 2022ರ ನಿಯಮದ ಪ್ರಕಾರ, ವರ್ಷಕ್ಕೆ 3 ಲಕ್ಷ ರೂಪಾಯಿವರೆಗೆ ಆದಾಯವಿರುವ ಕುಟುಂಬಕ್ಕೆ ಕೊಡುವ ಕಿರುಸಾಲಕ್ಕೆ ಅಡಮಾನ ಕೇಳುವಂತಿಲ್ಲ. ಮನೆಯ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧವನ್ನು ದಾಟಬಾರದು. ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ವಸೂಲಿಗೆ ಕರೆ ಮಾಡುವಂತಿಲ್ಲ, ಬೈಯುವಂತಿಲ್ಲ, ಬೆದರಿಸುವಂತಿಲ್ಲ. ಕಂಪನಿಗೆ ದೂರು ಕೊಟ್ಟು 30 ದಿನಗಳಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಸಲ್ಲಿಸಬಹುದು. ಮಾಹಿತಿಗೆ 14448.

ನೋಂದಣಿಯಿಲ್ಲದೆ ಬಡ್ಡಿ ವ್ಯವಹಾರ ನಡೆಸುವವರ ಸಾಲವಾದರೆ, 2025ರಲ್ಲಿ ಕರ್ನಾಟಕ ತಂದ ಕಾನೂನು ನಿಮ್ಮ ಬೆನ್ನಿಗಿದೆ. ಪರವಾನಗಿ, ನೋಂದಣಿ ಇಲ್ಲದವರು ದುರ್ಬಲ ವರ್ಗದವರಿಗೆ ಕೊಟ್ಟ ಸಾಲ ಬಡ್ಡಿಸಮೇತ ತೀರಿದಂತೆ ಎಂದು ಅದು ಹೇಳುತ್ತದೆ. ಬಲವಂತದ ವಸೂಲಿಗೆ 10 ವರ್ಷದವರೆಗೆ ಸೆರೆವಾಸ, 5 ಲಕ್ಷದವರೆಗೆ ದಂಡವಿದೆ. ಮನೆ ಮುಂದೆ ಗಲಾಟೆಯಾದರೆ 112ಕ್ಕೆ ಕರೆ ಮಾಡಿ. ಆದರೆ ಬ್ಯಾಂಕಿನ ಸಾಲವೂ ಇದರಲ್ಲಿ ಮನ್ನಾ ಆಯಿತೆಂದು ಯಾರಾದರೂ ಹೇಳಿದರೆ ನಂಬಬೇಡಿ.

ವಿಷಯ ಕೋರ್ಟಿಗೆ ಹೋದರೂ ಎದೆಗುಂದಬೇಡಿ. ಲೋಕ ಅದಾಲತ್‌ನಲ್ಲಿ ಇಬ್ಬರೂ ಒಪ್ಪಿ ಇತ್ಯರ್ಥ ಮಾಡಿಕೊಳ್ಳಬಹುದು. ಹೆಣ್ಣುಮಕ್ಕಳಿಗೆ ಆದಾಯ ಎಷ್ಟಿದ್ದರೂ ಸರ್ಕಾರದಿಂದ ಉಚಿತ ವಕೀಲರು ಸಿಗುತ್ತಾರೆ. ಕಾನೂನು ಸೇವೆಯ ಸಹಾಯವಾಣಿ 15100. ಕೋರ್ಟ್ ಜಪ್ತಿಗೆ ಆದೇಶಿಸಿದರೂ ಅಡುಗೆ ಪಾತ್ರೆ, ಹಾಸಿಗೆ, ಕುಶಲಕರ್ಮಿಯ ಉಪಕರಣ, ರೈತನಿಗೆ ಅಗತ್ಯವಾದ ಎತ್ತು, ಬಿತ್ತನೆ ಬೀಜಗಳನ್ನು ಮುಟ್ಟುವಂತಿಲ್ಲ. ಕೊನೆಯ ಬಾಗಿಲು ದಿವಾಳಿ ಅರ್ಜಿ. 2016ರ ದಿವಾಳಿ ಸಂಹಿತೆಯಲ್ಲಿ ಸಾಮಾನ್ಯ ಜನರ ಸಾಲಕ್ಕೆ ಸಂಬಂಧಿಸಿದ ಭಾಗ ಇನ್ನೂ ಜಾರಿಗೆ ಬಂದಿಲ್ಲ. ಹೀಗಾಗಿ ನಮ್ಮ ಕಡೆ 1920ರ ಹಳೆಯ ಕಾಯ್ದೆಯೇ ನಡೆಯುತ್ತದೆ. ಅದರಡಿ ಇರುವ ಆಸ್ತಿಯನ್ನು ಕೋರ್ಟಿಗೆ ಒಪ್ಪಿಸಿ, ವಿಚಾರಣೆಯ ನಂತರ ಬಿಡುಗಡೆ ಕೇಳಬೇಕು. ಆಸ್ತಿ ಬಚ್ಚಿಟ್ಟರೆ ಅದು ಅಪರಾಧ, ಅಲ್ಲಾಹನ ಮುಂದೆ ಮೋಸ. ವಕೀಲರನ್ನು ಕೇಳದೆ ಈ ಹೆಜ್ಜೆ ಇಡಬೇಡಿ.

ಇನ್ನು ಜಮಾತಿನ ಪಾಲು. ನಮ್ಮದೇ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ರೈತರಿಗಾಗಿ ಸಹಕಾರಿ ಪತ್ತಿನ ಸಂಘ ಕಟ್ಟಿದರು. ದೇಶಕ್ಕೇ ದಾರಿ ತೋರಿದ ಸಂಘವದು. ಒಬ್ಬನ ಕಷ್ಟಕ್ಕೆ ಊರು ಹೆಗಲು ಕೊಟ್ಟರೆ ಸಾಹುಕಾರನ ಬಾಗಿಲಿಗೆ ಹೋಗುವುದು ತಪ್ಪುತ್ತದೆ ಎಂದು ನೆರೆಯ ಹಳ್ಳಿಯವರು ಅಂದೇ ಅರಿತಿದ್ದರು. ನಮಗಂತೂ ಝಕಾತ್‌ನ ಎಂಟು ಹಕ್ಕುದಾರರಲ್ಲಿ ಸಾಲದಲ್ಲಿ ಮುಳುಗಿದವರೂ ಒಬ್ಬರೆಂದು ಕುರ್‌ಆನ್ ತಿಳಿಸಿದೆ. ಆ ಪಾಲನ್ನು ನಾವು ನೆನಪಿಸಿಕೊಳ್ಳೋಣ. ಬಡ್ಡಿಯಿಲ್ಲದ ಸಾಲಕ್ಕೆ ಒಂದು ಸಣ್ಣ ನಿಧಿ ಇಡೋಣ. ಓದು-ಬರಹ ಬಲ್ಲ ಯುವಕರು ಅರ್ಜಿ ಬರೆದುಕೊಡಲಿ, ಬ್ಯಾಂಕಿಗೆ ಜೊತೆಯಲ್ಲಿ ಹೋಗಲಿ. ನೆರವು ಪಡೆದವರ ಹೆಸರು ಮೈಕಿನಲ್ಲಿ ಬರಬಾರದು, ಮದುವೆ ಮನೆಯ ಮಾತಾಗಬಾರದು. ಕೈಸಾಲ ಕೊಟ್ಟ ಸಹೋದರರೂ ಯೋಚಿಸಲಿ: ಬೆಳೆ ಬರುವ ತನಕ ಕಾಯಲು ಸಾಧ್ಯವಾದರೆ ಕಾಯಿರಿ, ಬಿಡಲು ಸಾಧ್ಯವಾದಷ್ಟು ಬಿಡಿರಿ.

ಇದನ್ನು ಮನೆಗೆ ಹೋಗಿ ತಾಯಂದಿರಿಗೆ, ಅಕ್ಕ-ತಂಗಿಯರಿಗೆ ಹೇಳಿ. ಸಾಲಕ್ಕೆ ಸಹಿ ಹಾಕಿದವರು ಅವರು, ಕಂತಿನ ದಿನ ಬಾಗಿಲಲ್ಲಿ ನಿಲ್ಲುವವರೂ ಅವರೇ.

ಅಲ್ಲಾಹನು ನಮ್ಮನ್ನು ಸಾಲದ ಭಾರದಿಂದಲೂ ಜನರ ದಬ್ಬಾಳಿಕೆಯಿಂದಲೂ ಕಾಪಾಡಲಿ. ಸಾಲದಲ್ಲಿರುವವರಿಗೆ ಹಲಾಲ್ ಸಂಪಾದನೆಯ ದಾರಿ ತೆರೆಯಲಿ, ಉಳ್ಳವರ ಮನಸ್ಸಿನಲ್ಲಿ ಕರುಣೆ ಹಾಕಲಿ. ಆಮೀನ್.