ಗಾಲ್ಫ್ ಆಟದಲ್ಲಿ ಮಣಿಕಟ್ಟೂ ಮುಂಗೈಯೂ

ಗಾಲ್ಫ್ ಆಟವನ್ನು ಹೊಸದಾಗಿ ಕಲಿಯುವವರಿಗೆ ಹಿತೈಷಿಗಳು ಮೊದಲು ಕೊಡುವ ಉಪದೇಶವೆಂದರೆ, "ಮಣಿಕಟ್ಟನ್ನು ತಿರುಗಿಸಿ" ಎಂಬುದು. ಆಟಗಾರರನ್ನು ಇಷ್ಟು ದಾರಿತಪ್ಪಿಸಿದ ಮಾತು ಮತ್ತೊಂದಿರಲಾರದೆಂದು ನನ್ನ ಅಭಿಪ್ರಾಯ. ಮಣಿಕಟ್ಟು ತಾನಾಗಿ ತಿರುಗುವ ಕೀಲೇ ಅಲ್ಲ. ಶ್ರೋತೃಗಳು ಇದನ್ನು ಕುಳಿತಲ್ಲಿಯೇ ಪರೀಕ್ಷಿಸಬಹುದು. ಎಡ ಮುಂಗೈಯನ್ನು ಮಣಿಕಟ್ಟಿನ ಸಮೀಪದಲ್ಲಿ ಬಲಗೈಯಿಂದ ಭದ್ರವಾಗಿ ಹಿಡಿದು, ಅಂಗೈಯನ್ನು ಮೇಲುಕೆಳಗು ಮಾಡಲು ಯತ್ನಿಸಿರಿ, ಬಹುಮಟ್ಟಿಗೆ ಆಗದು. ಹಿಡಿತವನ್ನು ಬಿಟ್ಟೊಡನೆ ಸರಾಗವಾಗಿ ತಿರುಗುತ್ತದೆ. ಮುಂಗೈಯ ಎರಡು ಎಲುಬುಗಳಲ್ಲಿ ಹೆಬ್ಬೆರಳ ಕಡೆಯದು ಇನ್ನೊಂದರ ಮೇಲೆ ಹೊರಳುವುದರಿಂದ ಉಂಟಾಗುವ ತಿರುವು ಅದು. ಮಣಿಕಟ್ಟಿಗೆ ಉಳಿದಿರುವುದು ಬಾಗುವ ಕೆಲಸ: ಅಂಗೈಯ ಕಡೆಗೆ ಅಥವಾ ಹಸ್ತದ ಬೆನ್ನಿನ ಕಡೆಗೆ, ಹೆಬ್ಬೆರಳ ಕಡೆಗೆ ಅಥವಾ ಕಿರುಬೆರಳ ಕಡೆಗೆ.

ಬಲಗೈ ಆಟಗಾರನ ಎಡ ಹಸ್ತದ ಬೆನ್ನು ಎತ್ತ ನೋಡುವುದೋ ದಾಂಡಿನ ಮುಖವೂ ಹೆಚ್ಚು ಕಡಿಮೆ ಅತ್ತಲೇ ನೋಡುತ್ತದೆ. ಎಡ ಮಣಿಕಟ್ಟು ಬೆನ್ನಿನ ಕಡೆಗೆ ಬಾಗಿ ಬಟ್ಟಲಿನಂತೆ ಕುಳಿಬಿದ್ದರೆ ದಾಂಡಿನ ಮುಖ ತೆರೆದುಕೊಂಡು ಚೆಂಡು ಬಲಕ್ಕೆ ಹೊರಳುವುದು. ಅಂಗೈಯ ಕಡೆಗೆ ಬಾಗಿದರೆ ಮುಖ ಮುಚ್ಚಿಕೊಂಡು ಚೆಂಡು ಎಡಕ್ಕೆ ಸರಿಯುವುದು.

ಈ ಎಡದ ಹೊರಳಿಕೆಯೇ ಅಮೆರಿಕದ ಬೆನ್ ಹೋಗನ್ನನನ್ನು ಕಾಡಿದ ಶನಿ. 1930ರ ದಶಕದಲ್ಲಿ ಆತ ಕೈಯಲ್ಲಿ ಕಾಸಿಲ್ಲದೆ ಪ್ರವಾಸವನ್ನು ಅರ್ಧಕ್ಕೆ ನಿಲ್ಲಿಸಿ ಊರಿಗೆ ಮರಳಿದ್ದುಂಟು. ಅದೇ ಹೋಗನ್ 1953ರಲ್ಲಿ ಒಂದೇ ವರ್ಷದೊಳಗೆ ಮೂರು ಮಹಾಸ್ಪರ್ಧೆಗಳನ್ನು ಗೆದ್ದನು. 1955ರಲ್ಲಿ 'ಲೈಫ್' ಪತ್ರಿಕೆಯಲ್ಲಿ ತನ್ನ ಗುಟ್ಟನ್ನು ಹೊರಗೆಡಹಿದನು: ಎಡಗೈಯ ಹಿಡಿತವನ್ನು ಕೊಂಚ ಎಡಕ್ಕೆ ಸರಿಸುವುದು, ದಾಂಡನ್ನು ಹಿಂದಕ್ಕೊಯ್ಯುವಾಗ ಮುಂಗೈಯನ್ನು ಹೊರಳಿಸುವುದು, ಎಡ ಮಣಿಕಟ್ಟನ್ನು ಸ್ವಲ್ಪ ಕುಳಿಮಾಡುವುದು. ಸಾಮಾನ್ಯ ಆಟಗಾರನಿಗೆ ಇದರಿಂದ ಉಪಯೋಗಕ್ಕಿಂತ ಕೆಡುಕೇ ಹೆಚ್ಚೆಂದು ಆತನೇ ಎಚ್ಚರಿಸಿದ್ದನು. ಆದರೂ ಅದನ್ನು ಓದಿ ಅನುಕರಿಸಹೊರಟವರಿಗೆ ಕೊರತೆಯಿರಲಿಲ್ಲ! ಎಡಕ್ಕೆ ಹೋಗುವ ಚೆಂಡಿಗೆ ಹೇಳಿದ ಮದ್ದನ್ನು, ಮೊದಲೇ ಬಲಕ್ಕೆ ಹೋಗುತ್ತಿದ್ದ ಚೆಂಡಿಗೆ ಕುಡಿಸಿದಂತಾಯಿತು.

ಹೋಗನ್ನನ 1957ರ ಪುಸ್ತಕದಲ್ಲಿ ಒತ್ತು ಬೇರೊಂದು ಕ್ಷಣದ ಮೇಲಿದೆ: ದಾಂಡು ಚೆಂಡನ್ನು ಮುಟ್ಟುವಾಗ ಎಡ ಮಣಿಕಟ್ಟಿನ ಎಲುಬು ಉಬ್ಬಿ ಗುರಿಯ ಕಡೆಗೆ ಇರಬೇಕು. 2016ರಲ್ಲಿ ಅಮೆರಿಕದ ಓಪನ್ ಗೆದ್ದ ಡಸ್ಟಿನ್ ಜಾನ್ಸನ್ನನು ದಾಂಡು ಮೇಲೇರಿದಾಗ ಹೋಗನ್ನನಿಗೆ ತದ್ವಿರುದ್ಧವಾಗಿ ಮಣಿಕಟ್ಟನ್ನು ಅಂಗೈಯ ಕಡೆಗೆ ಬಾಗಿಸುವನು. ಆದರೆ ಚೆಂಡನ್ನು ಮುಟ್ಟುವ ಹೊತ್ತಿಗೆ ಇಬ್ಬರ ಮಣಿಕಟ್ಟಿನಲ್ಲಿಯೂ ಕುಳಿಯಿಲ್ಲ.

ನಮ್ಮಂಥವರ ಪ್ರಮಾದವೆಲ್ಲ ಇಲ್ಲಿಯೇ. ಚೆಂಡನ್ನು ತಾನೇ ಮೇಲಕ್ಕೆತ್ತಬೇಕೆಂಬ ಆಸೆಯಿಂದ ಆಟಗಾರನು ಕಡೆಯ ಗಳಿಗೆಯಲ್ಲಿ ಮಣಿಕಟ್ಟನ್ನು ಮೇಲಕ್ಕೆ ಚಿಮ್ಮಿಸುತ್ತಾನೆ. ಎತ್ತುವ ಕೆಲಸ ದಾಂಡಿನ ಮುಖದ ಇಳಿಜಾರಿನದೇ ಹೊರತು ಕೈಯದಲ್ಲ. ಚಿಮ್ಮಿಸಿದಾಗ ದಾಂಡಿನ ತಲೆ ಕೈಗಳಿಗಿಂತ ಮುಂದಾಗಿ, ಒಮ್ಮೆ ಚೆಂಡಿನ ಹಿಂದಿನ ನೆಲವನ್ನು ಅಗೆಯುವುದು, ಒಮ್ಮೆ ಚೆಂಡಿನ ನೆತ್ತಿಯನ್ನು ಸವರುವುದು. ದಾಂಡು ಇಳಿಯುವುದಕ್ಕೆ ಹಿಡಿಯುವ ಕಾಲ ಸುಮಾರು ಕಾಲು ಸೆಕೆಂಡು. ಚೆಂಡಿಗೂ ಅದಕ್ಕೂ ಸ್ಪರ್ಶ ಸೆಕೆಂಡಿನ ಸುಮಾರು ಎರಡು ಸಾವಿರದಲ್ಲೊಂದು ಪಾಲು. ಅಷ್ಟರಲ್ಲಿ ತಿದ್ದಿಕೊಳ್ಳಲು ಯಾರಿಂದ ಸಾಧ್ಯ?

ಆದುದರಿಂದ ಅಭ್ಯಾಸವನ್ನು ಹತ್ತು ಗಜದ ಸಣ್ಣ ಹೊಡೆತದಿಂದ ಆರಂಭಿಸುವುದು ಮೇಲು. ಚೆಂಡು ಹೊರಟ ಕೂಡಲೆ ಕೈಗಳನ್ನು ಅಲ್ಲಿಯೇ ತಡೆದು ಎಡ ಮಣಿಕಟ್ಟನ್ನು ನೋಡಿಕೊಳ್ಳಿರಿ. ಕುಳಿಬಿದ್ದಿದ್ದರೆ, ಚೆಂಡು ಎಷ್ಟೇ ಸೊಗಸಾಗಿ ಹೋಗಿದ್ದರೂ ಆ ಹೊಡೆತವನ್ನು ಲೆಕ್ಕಕ್ಕೆ ಹಿಡಿಯಬೇಡಿರಿ. ಮನೆಯ ಅಂಗಳದಲ್ಲಿ ಆಡುವವರು ಕಿಟಕಿಗೆ ಬೆನ್ನುಮಾಡಿ ನಿಂತರೆ ಸಾಲದು, ಎಡಬಲಗಳನ್ನೂ ನೋಡಿಕೊಳ್ಳಬೇಕು.